ಜರಡಿಯಲ್ಲಿ ನಿಲ್ಲದ ಹೂಂ

ಒಂದಾನೊಂದು ಊರಿನಲ್ಲಿ, ಊರು ಅಂದರೆ ನಿಮ್ಮೂರಲ್ಲ, ಗಾಬರಿ ಬೀಳಬೇಡಿ, ಒಬ್ಬ ರಾಜನಿದ್ದ. ಊರಿನ ಹೆಸರು ಗಂಟಲೂರು. ರಾಜನ ಹೆಸರು ತಂಪಯ್ಯರಾಜ. ಬೇರೆ ರಾಜರಿಗೆ ಆನೆಯ ಚಿಂತೆ, ಕುದುರೆಯ ಚಿಂತೆ, ಪಕ್ಕದ ರಾಜ್ಯದ ಚಿಂತೆ. ತಂಪಯ್ಯರಾಜನಿಗೆ ಒಂದೇ ಚಿಂತೆ. ಕುಂಡೆಯ ಚಿಂತೆ.

ಅವನ ಕುಂಡೆ ಬಿಸಿಯಾಗುತ್ತಿತ್ತು. ಮೆತ್ತೆಯ ಮೇಲೆ ಕೂತರೂ ಬಿಸಿ. ಕಲ್ಲಿನ ಮೇಲೆ ಕೂತರೂ ಬಿಸಿ. ಬಾಳೆ ಎಲೆ ಹಾಸಿಕೊಂಡು ಕೂತರೆ ಎಲೆಯೇ ಬಾಡಿ ಹೋಗುತ್ತಿತ್ತು. ಹೀಗಿರುವಾಗ ಒಂದು ದಿನ ಊರ ನಡುವಿನ ಸೇದುವ ಬಾವಿಯ ಕಟ್ಟೆ ಮೇಲೆ ಸುಮ್ಮನೆ ಕೂತ. ಒಳಗಿನಿಂದ ತಣ್ಣಗೆ ಗಾಳಿ ಬಂತು. "ಆಹಾ" ಅಂದ. ಅಷ್ಟೇ ನೋಡಿ. ಸಿಂಹಾಸನ ತರಿಸಿದ. ಅದರ ಅಡಿಗೆ ಒಂದು ತೂತು ಕೊರೆಸಿದ. ಬಾವಿಯ ಬಾಯಿಗೆ ಮುಚ್ಚಳ ಹಾಕಿದ ಹಾಗೆ ಇಡಿಸಿ ಕೂತುಬಿಟ್ಟ. ಕೂತವನು ಏಳಲಿಲ್ಲ. ಉಂಡಿದ್ದು ಅಲ್ಲೇ, ಗೊರಕೆ ಹೊಡೆದಿದ್ದು ಅಲ್ಲೇ. ಉಳಿದಿದ್ದಕ್ಕೆ ಏನು ಮಾಡುತ್ತಿದ್ದ ಅಂತ ಕೇಳಬೇಡಿ, ಅದಕ್ಕೆ ಬೇರೆ ಮಂತ್ರಿ ಇದ್ದ.

ಊರಿಗಿದ್ದದ್ದು ಅದೊಂದೇ ಬಾವಿ. ಈಗ ಹೆಂಗಸರು ಗುಡ್ಡ ಹತ್ತಿ, ಗುಡ್ಡ ಇಳಿದು, ನರಿಕೆರೆಗೆ ಹೋಗಿ ನೀರು ತರಬೇಕಾಯಿತು. ತಲೆ ಮೇಲೆ ಕೊಡ, ಕೊಡದ ಮೇಲೆ ಕೊಡ. ಅಷ್ಟು ಭಾರ ಹೊತ್ತರೆ ಕುತ್ತಿಗೆ ಏನಾಗಬೇಕು? ಒಳಕ್ಕೆ ಹೋಗಬೇಕು. ಹೋಯಿತು. ನೆಲಕ್ಕೆ ಹೊಡೆದ ಗೂಟದ ಹಾಗೆ ದಿನಾ ಒಂಚೂರು, ದಿನಾ ಒಂಚೂರು ಇಳಿದು, ಗಂಟಲೂರಿನ ಹೆಂಗಸರ ಕುತ್ತಿಗೆ ಪೂರಾ ಹೆಗಲೊಳಗೆ ಮುಳುಗಿತು. ಗಲ್ಲ ಎದೆಗೆ ತಾಗಿತು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಹೂಂ ಅನ್ನಬಹುದು, ತಲೆ ಅಲ್ಲಾಡಿಸುವ ಹಾಗಿಲ್ಲ.

ಆ ಹೆಂಗಸರಲ್ಲಿ ಒಬ್ಬಳು ಜವನಕ್ಕ. ಅವಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಕುತ್ತಿಗೆ ಇಲ್ಲದವಳಿಗೆ ಸಿಟ್ಟು ಬಂದರೆ ಅದು ಗಂಟಲಲ್ಲಿ ತಡೆದು ನಿಲ್ಲುವುದಿಲ್ಲ, ನೆಟ್ಟಗೆ ಬಾಯಿಗೇ ಬರುತ್ತದೆ. ಅವಳಿಗೆ ಒಬ್ಬಳು ಮಗಳು, ಮುದ್ದೀರಿ. ಮುದ್ದೀರಿಯ ಕುತ್ತಿಗೆ ಕೊಕ್ಕರೆಯದ್ದು. ಉದ್ದ, ತೆಳ್ಳಗೆ, ಎಲ್ಲಿ ಬೇಕಾದರೂ ತಿರುಗುವಂಥದ್ದು. ಬೇಲಿಯಾಚೆ ಯಾರ ಮನೆಯಲ್ಲಿ ಏನು ಸಾರು ಅಂತ ನಿಂತಲ್ಲೇ ಹೇಳುತ್ತಿದ್ದಳು. ಆ ಊರ ಪದ್ಧತಿ ಏನೆಂದರೆ ಹುಡುಗಿ ದೊಡ್ಡವಳಾದ ಮೇಲೆ ಬರುವ ಯುಗಾದಿಗೆ ತಲೆ ಮೇಲೆ ಮೊದಲ ಕೊಡ ಇಡುವುದು. ಯುಗಾದಿ ತಿಂಗಳು ತಿಂಗಳಿಗೂ ಹತ್ತಿರ ಬರುತ್ತಿತ್ತು. ಜವನಕ್ಕ ದಿನಾ ಮಗಳ ತಲೆ ಬಾಚುವಾಗ ಕುತ್ತಿಗೆ ನೋಡುತ್ತಿದ್ದಳು. ಒಂದು ದಿನ ಬಾಚಣಿಗೆ ಎಸೆದು ಎದ್ದಳು.

"ಎಲ್ಲಿಗವ್ವ?"

"ಆ ಮುಚ್ಚಳ ತೆಗೆಸೋಕೆ."

ಗಂಟಲೂರಿನಲ್ಲಿ ಒಂದು ಕಲ್ಲು ಇತ್ತು. ಕಲ್ಲಿನ ಮೇಲೆ ತಂಪಯ್ಯರಾಜನ ಅಜ್ಜ ಕೆತ್ತಿಸಿದ ಕಾಯ್ದೆ. 'ಯಾರು ಬೇಕಾದರೂ ಊರಿಗೆ ಒಂದು ಪ್ರಶ್ನೆ ಕೇಳಬಹುದು. ಊರು ಹೂಂ ಅಂದರೆ ರಾಜ ಅದನ್ನು ಮಾಡಲೇಬೇಕು.' ಇಂಥ ಕಾಯ್ದೆ ಬೇರೆಲ್ಲೂ ಇಲ್ಲ ಅಂತ ರಾಜನಿಗೆ ಬಹಳ ಹೆಮ್ಮೆ. ಹಬ್ಬಕ್ಕೆ ಕಲ್ಲಿಗೆ ಹೂವು ಹಾಕಿಸುತ್ತಿದ್ದ.

ಜವನಕ್ಕ ಬಾವಿಯ ಹತ್ತಿರ ಹೋದಳು. ಸಿಂಹಾಸನದ ಪಕ್ಕದಲ್ಲಿ ಸೋಸಪ್ಪ ಕೂತಿದ್ದ. ಸೋಸಪ್ಪ ಅಂದರೆ ರಾಜನ ಪ್ರಶ್ನೆ ಇಲಾಖೆ. ಅವನ ತೊಡೆ ಮೇಲೆ ಒಂದು ಜರಡಿ ಇತ್ತು.

"ನಾನು ಊರಿಗೊಂದು ಪ್ರಶ್ನೆ ಕೇಳಬೇಕು ಕಣಯ್ಯ" ಅಂದಳು. "ಬಾವಿ ಮೇಲಿಂದ ಸಿಂಹಾಸನ ತೆಗೀಬೇಕಾ ಬೇಡ್ವಾ ಅಂತ."

"ಬಹಳ ಸಂತೋಷ" ಅಂದ ಸೋಸಪ್ಪ. "ನಮ್ಮಲ್ಲಿ ಯಾರು ಬೇಕಾದರೂ ಕೇಳಬಹುದು. ಮೊದಲು, ನೀನು ಕೇಳೋದು ಊರಿಗೆ ಬೇಕು ಅಂತ ತೋರಿಸಬೇಕು. ಊರಿನವರ ಹೂಂ ತಗೊಂಡು ಬಾ."

"ಊರು ಹೂಂ ಅಂತದಾ ಅಂತ ಕೇಳೋಕೆ, ಊರು ಮೊದಲೇ ಹೂಂ ಅಂದಿರಬೇಕಾ?"

"ಹೂಂ" ಅಂದ ಸೋಸಪ್ಪ.

ಇಲ್ಲೊಂದು ವಿಷಯ ತಿಳಿದುಕೊಳ್ಳಿ. ಗಂಟಲೂರಿನಲ್ಲಿ ಸಹಿ ಇಲ್ಲ, ಹೆಬ್ಬೆಟ್ಟು ಇಲ್ಲ. ಎಲ್ಲವೂ ಹೂಂ ಮೇಲೆ ನಡೆಯುವುದು. ಆಳಿಗೊಂದು ಹೂಂ. ಅಂದ ಹೂಂ ಸಂಜೆ ಹಸು ಕೊಟ್ಟಿಗೆಗೆ ಬರುವ ಹಾಗೆ ತಿರುಗಿ ಬಾಯಿಗೇ ಬಂದು ಮಲಗುತ್ತದೆ. ಆದರೆ ಕೊಡದೊಳಗೆ ಬಾಯಿಟ್ಟು ಹೂಂ ಅಂದು, ಕೊಡದ ಬಾಯಿಗೆ ಬಟ್ಟೆ ಕಟ್ಟಿಬಿಟ್ಟರೆ ಬರುವ ಹಾಗಿಲ್ಲ. ಅಲ್ಲೇ ಇರುತ್ತದೆ. ಕಿವಿ ಇಟ್ಟರೆ ಜೇನುಗೂಡಿನ ಹಾಗೆ ಕೇಳಿಸುತ್ತದೆ.

ಜವನಕ್ಕ ತನ್ನ ಕೇರಿಯಲ್ಲಿ ಮನೆ ಮನೆ ತಿರುಗಿದಳು. "ಸಾಕಿ, ಒಂದು ಹೂಂ ಕೊಡೇ. ಅವನನ್ನ ಎಬ್ಬಿಸಿದ ಮೇಲೆ ತಂದುಕೊಡ್ತೀನಿ." ಸಾಕಿ ಕೊಟ್ಟಳು. ಸಾಕಿಯ ಗಂಡ ಕೊಟ್ಟ. ಕಮ್ಮಾರ ಕೊಟ್ಟ, ಕಮ್ಮಾರನ ಅತ್ತೆ ಕೊಟ್ಟಳು. ಯಾರೂ ಇಲ್ಲ ಅನ್ನಲಿಲ್ಲ. ಎಲ್ಲರಿಗೂ ನೀರು ಬೇಕಲ್ಲ. ಕೊಡ ತುಂಬಿತು. ಜವನಕ್ಕ ಬಟ್ಟೆ ಕಟ್ಟಿ, ತಲೆ ಮೇಲೆ ಹೊತ್ತು ಬಾವಿಗೆ ಬಂದಳು. ಕುತ್ತಿಗೆ ಇನ್ನೂ ಒಂಚೂರು ಇಳಿಯಿತು. ಇಳಿಯಲಿ ಅಂದುಕೊಂಡಳು.

ಸೋಸಪ್ಪ ಜರಡಿ ಹಿಡಿದ. ಎಲ್ಲಿ ಹಿಡಿದ? ಸಿಂಹಾಸನಕ್ಕೂ ಬಾವಿಯ ಕಟ್ಟೆಗೂ ನಡುವೆ ಒಂದು ಸಂದಿ ಇತ್ತು. ರಾಜನ ಗಾಳಿಗೆ ಅಂತ ಬಿಟ್ಟ ಸಂದಿ. ಬಿದ್ದದ್ದು ಬಾವಿಗೆ ಬಿದ್ದರೆ ಗುಡಿಸುವ ತಾಪತ್ರಯ ಇಲ್ಲ ಅಂತ ಸೋಸಪ್ಪ ಸರಿಯಾಗಿ ಆ ಸಂದಿಯ ಮೇಲೇ ಜರಡಿ ಹಿಡಿದ. ಒಂದೊಂದೇ ಹೂಂ ತೆಗೆದು ಹಾಕಿದ.

"ಇದು ಆಕಳಿಸುತ್ತಾ ಅಂದ ಹೂಂ." ಬಿತ್ತು.

"ಇದು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಅಂದಿದ್ದು." ಬಿತ್ತು.

"ಇದು ಕಮ್ಮಾರನ ಹೂಂ ಅಂತೀಯ. ಹೋದ ವರ್ಷ ಕಮ್ಮಾರ ಇದಕ್ಕಿಂತ ದಪ್ಪಗೆ ಹೂಂ ಅಂದಿದ್ದ."

"ಅವನಿಗೆ ನೆಗಡಿ ಕಣಯ್ಯ!"

"ವಾಸಿ ಮಾಡಿಕೊಂಡು ಬರಲಿ." ಬಿತ್ತು.

ಜವನಕ್ಕ ಜರಡಿಯನ್ನು ನೋಡಿದಳು. ಅದರ ತೂತು ಒಂದೊಂದೂ ಕುಂಬಳಕಾಯಿಯಷ್ಟು ದೊಡ್ಡದು. ಹೂಂ ಹೋಗಲಿ, ಸೋಸಪ್ಪನ ತಲೆ ಹಾಕಿದರೂ ನಿಲ್ಲುತ್ತಿರಲಿಲ್ಲ. "ಥೂ ನಿನ್ನ, ನೀನೊಂದು ಜರಡಿಯಾ?" ಅಂತ ಉಗಿದಳು.

ಜರಡಿ ಬಾಯಿಬಿಟ್ಟಿತು. "ನನಗ್ಯಾಕೆ ಬೈತೀಯವ್ವ. ನನ್ನ ತೂತು ನಾನು ಮಾಡಿಕೊಂಡಿದ್ದಲ್ಲ."

ಕೊಡ ಖಾಲಿಯಾಯಿತು. ಬಾವಿಗೆ ಬಿದ್ದ ಹೂಂ, ಮೇಲೆ ಸಿಂಹಾಸನ ಮುಚ್ಚಿಕೊಂಡಿದ್ದರಿಂದ, ತಿರುಗಿ ಬಾಯಿಗೆ ಬರಲಿಲ್ಲ. "ಆಯ್ತು, ಬಿದ್ದ ಹೂಂ ವಾಪಸು ಕೊಡು" ಅಂದಳು ಜವನಕ್ಕ.

"ಬಿದ್ದ ಹೂಂ ವಾಪಸು ಕೊಡುವ ಪದ್ಧತಿ ಇಲ್ಲ" ಅಂದ ಸೋಸಪ್ಪ. "ಅದೂ ಅಲ್ಲದೆ ಎಲ್ಲ ಒಂದೇ ಕೇರಿಯವು. ಒಂದು ಕೇರಿಯ ಮಾತು ಊರ ಮಾತಾಗುತ್ತಾ? ಪ್ರತಿ ಕೇರಿಯಿಂದ ತಾ."

ಮೇಲೆ ಕೂತ ತಂಪಯ್ಯರಾಜ ಬಗ್ಗಿ ನೋಡಿ ನಕ್ಕ. "ಪ್ರಯತ್ನ ಬಿಡಬೇಡಮ್ಮ. ಕಲ್ಲಿನ ಮೇಲೆ ಬರೆದಿದೆಯಲ್ಲ, ಯಾರು ಬೇಕಾದರೂ ಕೇಳಬಹುದು."

ಜವನಕ್ಕನಿಗೆ ಉರಿಯಿತು. ಮೆಣಸಿನಕಾಯಿ ಒಲೆಗೆ ಬಿದ್ದ ಹಾಗೆ ಉರಿಯಿತು. ಆದರೂ ಹೋದಳು. ಮೇಲಿನ ಕೇರಿಗೆ ಹೋದಳು, ಕೆಳಗಿನ ಕೇರಿಗೆ ಹೋದಳು, ಗಾಣದ ಕೇರಿ, ಕುಂಬಾರ ಕೇರಿ. ನೆಗಡಿ ಇದ್ದವರಿಗೆ ಮೊದಲು ಕಷಾಯ ಕುಡಿಸಿದಳು. ಎಲೆ ಅಡಿಕೆ ಇದ್ದವರ ಬಾಯಿ ತೊಳೆಸಿದಳು. ನೀರು ಎಲ್ಲಿಂದ? ನರಿಕೆರೆಯಿಂದ ಹೊತ್ತು ತಂದಳು. ಕುತ್ತಿಗೆ ಇಳಿಯಿತು.

ಕೊನೆಗೆ ಉಳಿದದ್ದು ಹಾಳುಕೇರಿ. ಅಲ್ಲಿ ಮನುಷ್ಯರೇ ಇಲ್ಲ. ಒಂದು ಕೋಳಿ ಇತ್ತು. ಒಂದೇ ಒಂದು ಕೋಳಿ.

"ಕೋಳಮ್ಮ, ಈ ಕೇರಿಗೆ ನೀನೇ ಗತಿ. ಒಂದು ಹೂಂ ಅನ್ನು."

"ಅನ್ನಬಹುದು" ಅಂತು ಕೋಳಿ. "ಆದರೆ ನಾನು ಮೊನ್ನೆ ಪಕ್ಕದೂರಿಂದ ಬಂದವಳು. ನನ್ನದು ಇಲ್ಲಿ ನಡೆಯಲ್ಲ. ಈ ಕೇರಿಯಲ್ಲಿ ಹುಟ್ಟಿದ್ದು ಅಂದರೆ ಈ ಮೊಟ್ಟೆ. ಅದನ್ನ ಕೇಳು."

ಜವನಕ್ಕ ಮೊಟ್ಟೆಯನ್ನು ಕೇಳಿದಳು.

"ನನಗಿನ್ನೂ ವಯಸ್ಸಾಗಿಲ್ಲ" ಅಂತು ಮೊಟ್ಟೆ.

ಈಗ ಏನು ಮಾಡಬೇಕು? ವಯಸ್ಸು ಮಾಡಬೇಕು. ಕೋಳಿಗೆ ಬಾಯಾರಿಕೆ, ಕಾವು ಕೂರಲು ಆಗುವುದಿಲ್ಲ ಅಂತು. ಜವನಕ್ಕ ಕೋಳಿಗೆ ನೀರು ತಂದಳು. ಕೋಳಿ ಕೂತಿತು. ಮರಿ ಬಂತು. ಮರಿ ದೊಡ್ಡದಾಯಿತು. ಕೊಡದೊಳಗೆ ಕೊಕ್ಕಿಟ್ಟು "ಹೂಂ" ಅಂತು. ಕೋಳಿಗಳ ಚರಿತ್ರೆಯಲ್ಲೇ ಅದೊಂದು ಹೂಂ. ಜವನಕ್ಕನ ಕಣ್ಣಲ್ಲಿ ನೀರು ಬಂತು. ಆ ಊರಲ್ಲಿ ಹೊರದೆ ಬಂದ ನೀರು ಅದೊಂದೇ.

ಎಲ್ಲ ಕೊಡಗಳನ್ನೂ ಬಾವಿಗೆ ತಂದಳು. ಸೋಸಪ್ಪ ಜರಡಿ ಹಿಡಿದ.

"ಕೊಡ ದುಂಡಗಿದೆ."

"ಕೊಡ ದುಂಡಗೆ ಇರದೆ ಇನ್ನೇನು ಚಪ್ಪಟೆ ಇರುತ್ತಾ?"

"ದುಂಡಗಿನ ಕೊಡದಲ್ಲಿ ಹೂಂಗಳು ಒಂದರ ಹಿಂದೆ ಒಂದು ಸುತ್ತುತ್ತವೆ. ಯಾವುದು ಮೊದಲು, ಯಾವುದು ಕೊನೆ ಅಂತ ಗೊತ್ತಾಗಲ್ಲ. ಚೌಕದ ಕೊಡ ಬೇಕು. ಇರಲಿ, ಈ ಸಲ ದಯೆ ತೋರಿಸಿ ಸೋಸ್ತೀನಿ." ಸೋಸಿದ. ಬಿದ್ದವು. ಮೇಲಿನ ಕೇರಿ ಬಿತ್ತು, ಕೆಳಗಿನ ಕೇರಿ ಬಿತ್ತು, ಗಾಣದ ಕೇರಿ ಎಣ್ಣೆಯ ಹಾಗೆ ನುಣ್ಣಗೆ ಜಾರಿ ಬಿತ್ತು. ಕೊನೆಗೆ ಮರಿಯ ಹೂಂ ಎತ್ತಿದ.

"ಇದು ಯಾವಾಗ ಹುಟ್ಟಿದ್ದು?"

"ನೀನು ಪ್ರತಿ ಕೇರಿ ಅಂದ ಮೇಲೆ."

"ಹಾಗಾದರೆ ಪ್ರಶ್ನೆಗಿಂತ ಚಿಕ್ಕದು. ತನಗಿಂತ ದೊಡ್ಡವರ ವಿಷಯದಲ್ಲಿ ಹೂಂ ಅನ್ನೋಕೆ ಇದ್ಯಾರು?" ಬಿತ್ತು.

"ಅಯ್ಯೋ, ಕೋಳಿದೂ ಹೋಯ್ತಲ್ಲ" ಅಂತು ಜರಡಿ.

ಸೋಸಪ್ಪ ಕೈ ಒರೆಸಿಕೊಂಡ. "ಇನ್ನೊಂದು. ನಿನ್ನ ಪ್ರಶ್ನೆಯಲ್ಲಿ ಬಾವಿ ಇದೆ, ಸಿಂಹಾಸನವೂ ಇದೆ. ಒಂದು ಪ್ರಶ್ನೆಗೆ ಒಂದೇ ವಸ್ತು. ಅದಕ್ಕೇ ನಾವೇ ತಿದ್ದಿದ್ದೀವಿ. ಊರಲ್ಲಿ ಡಂಗುರ ಹೊಡೆಸಿದ್ದೂ ಆಯ್ತು."

"ಏನಂತ ತಿದ್ದಿದಿರಿ?"

"'ಬಾವಿ ತೆಗೆಯಬೇಕೇ?' ಅಂತ."

ಜವನಕ್ಕ ತನ್ನ ಕೇರಿಗೆ ಬರುವಷ್ಟರಲ್ಲಿ ಜನ ದಾರಿಯಲ್ಲೇ ನಿಂತಿದ್ದರು. ಅವರ ಮುಖ ನೋಡಬೇಕಿತ್ತು. ಸಾಕಿ ಇಡೀ ಮೈ ತಿರುಗಿಸಿ ಎದುರು ನಿಂತಳು.

"ಬಾವಿ ತೆಗೆಸ್ತೀಯಂತಲ್ಲೇ? ಇರೋದೊಂದು ಬಾವಿ, ಅದನ್ನೂ ತೆಗೆಸ್ತೀಯಾ?"

"ನಾನೆಲ್ಲಿ ಹಾಗಂದೆ! ಅವನು ತಿದ್ದಿದ್ದು!"

"ನೀರೂ ಇಲ್ಲ, ಹೂಂನೂ ಇಲ್ಲ. ನಿನ್ನ ಪ್ರಶ್ನೆ ಕಟ್ಟಿಕೊಂಡು ನಮ್ಮ ಬಾಯೆಲ್ಲ ಬೋಳಾಯ್ತು."

ಸಾಕಿ ಹೇಳಿದ್ದು ಸುಳ್ಳಲ್ಲ. ಹೂಂ ಇಲ್ಲದ ಊರು ಹೇಗಿರುತ್ತದೆ ಗೊತ್ತಾ? ಸಂತೆಯಲ್ಲಿ ಬೆಲೆ ಹೇಳಿದರೆ ಒಪ್ಪುವವರಿಲ್ಲ, ಬದನೆಕಾಯಿ ಬುಟ್ಟಿಯಲ್ಲೇ ಮುದಿಯಾದವು. ಮದುವೆ ಗಂಡು ತಾಳಿ ಹಿಡಿದು ನಿಂತಿದ್ದ, ಹೆಣ್ಣಿಗೆ ಹೂಂ ಇಲ್ಲ, ನಿಂತೇ ಇದ್ದ, ಅವನ ಬಾಸಿಂಗದಲ್ಲಿ ಗುಬ್ಬಿ ಗೂಡು ಕಟ್ಟಿತು. ಅಜ್ಜ ಕತೆ ಹೇಳಿದರೆ ಅಜ್ಜಿ ಹೂಂಗುಟ್ಟಲಾರಳು. ಹೂಂಗುಟ್ಟದೆ ಕತೆ ಮುಂದಕ್ಕೆ ಹೋಗದು. ರಾಜಕುಮಾರಿ ರಾಕ್ಷಸನ ಕೈಯಲ್ಲೇ ಉಳಿದಳು. ರಾಕ್ಷಸನಿಗೂ ಬೇಜಾರಾಯಿತು.

ಜವನಕ್ಕ ಅಲ್ಲೇ ನಿಂತಳು. ಇವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಹೂಂ ಕಳೆದುಕೊಂಡವರು ಇವರು, ನಗುತ್ತಾ ಕೂತವನು ಅಲ್ಲಿ. ಮತ್ತೆ ಬಾವಿಗೆ ಹೋದಳು.

"ಪ್ರಶ್ನೆ ಬೇಡ" ಅಂದಳು. "ನಾನೇ ರಾಣಿಯಾಗ್ತೀನಿ. ಅದಕ್ಕೂ ಕಲ್ಲಲ್ಲಿ ಜಾಗ ಇದೆಯಂತಲ್ಲ, ಯಾರು ಬೇಕಾದರೂ ಆಗಬಹುದು ಅಂತ."

"ಬಹಳ ಸಂತೋಷ" ಅಂದ ಸೋಸಪ್ಪ. "ಯಾರು ಬೇಕಾದರೂ ಆಗಬಹುದು. ಸಿಂಹಾಸನದಲ್ಲಿ ಕೂತು ಅಭ್ಯಾಸ ಇರಬೇಕು, ಅಷ್ಟೇ."

"ಕೂರೋಕೆ ಮುಂಚೆ ಕೂತಿರಬೇಕಾ?"

"ಹೂಂ."

"ಒಬ್ಬನೇ ಕೂರೋ ಸಿಂಹಾಸನದಲ್ಲಿ, ಅವನು ಏಳದೆ, ನಾನು ಹೇಗೋ ಕೂರೋದು?"

"ಅದು ಅಭ್ಯರ್ಥಿಯ ಜವಾಬ್ದಾರಿ" ಅಂದ ಸೋಸಪ್ಪ. "ಆಮೇಲೆ ಇದಕ್ಕೆ ಹೂಂ ಜಾಸ್ತಿ ಬೇಕು. ಹಳೇ ಹೂಂ ನಡೆಯಲ್ಲ."

ಹಳೆಯದೇ ಇಲ್ಲ, ಹೊಸದೆಲ್ಲಿ? ತಂಪಯ್ಯರಾಜ ಮೇಲಿನಿಂದ "ಸೋತೆಯೇನಮ್ಮ? ಛೆ, ಛೆ. ಪ್ರಜೆಗಳು ಉತ್ಸಾಹ ಕಳೆದುಕೊಳ್ಳಬಾರದು" ಅಂದ. ಅಂದು ತೂತಿನ ಮೇಲೆ ಸರಿಯಾಗಿ ಕೂತುಕೊಂಡ.

ಯುಗಾದಿ ಬಂದೇಬಿಟ್ಟಿತು.

ಬೆಳಿಗ್ಗೆ ಮನೆಯ ಮುಂದೆ ಹೊಸ ಕೊಡ ಇಟ್ಟಿತ್ತು. ಅರಿಶಿನ ಹಚ್ಚಿದ್ದರು. ಬೇವಿನ ಎಲೆ ಸಿಕ್ಕಿಸಿದ್ದರು. ಮುದ್ದೀರಿ ಕೊಕ್ಕರೆ ಕುತ್ತಿಗೆ ಚಾಚಿ ಕೊಡದೊಳಗೆ ಇಣುಕಿ ನೋಡಿದಳು. ಜವನಕ್ಕ ಸಿಂಬಿ ಸುತ್ತಲು ಬಟ್ಟೆ ಕೈಗೆ ತೆಗೆದುಕೊಂಡಳು, ಸುತ್ತಲು ಕೈ ಬರಲಿಲ್ಲ.

"ಅವ್ವ, ಇವತ್ತಿಂದ ನಾನು ಲೆಕ್ಕಕ್ಕೆ ಬರ್ತೀನಿ ಅಲ್ವಾ?"

"ಕೊಡಕ್ಕೆ ಬರ್ತೀಯ."

"ಕೊಡಕ್ಕೆ ಬಂದ ಮೇಲೆ ಹೂಂಗೂ ಬಂದೆ ತಾನೇ? ಹಾಗಾದರೆ ನನ್ನದೂ ಹಾಕು. ಕುತ್ತಿಗೆ ಹೋಗೋ ಬದಲು ಹೂಂ ಹೋಗಲಿ."

"ಬೇಡ ಕಣೇ. ಅದೂ ಬೀಳ್ತದೆ. ಆ ಜರಡಿಯಲ್ಲಿ ಏನೂ ನಿಲ್ಲಲ್ಲ."

"ಬಿದ್ದರೆ ಬೀಳಲಿ. ಅಷ್ಟು ಜನರದು ಬಿದ್ದಿದೆ, ನನ್ನದೊಂದಕ್ಕೆ ಅಲ್ಲಿ ಜಾಗ ಇರಲ್ವಾ?" ಅಂದು, ತಾಯಿ ತಡೆಯುವಷ್ಟರಲ್ಲಿ ಹೊಸ ಕೊಡದೊಳಗೆ ಬಾಯಿಟ್ಟು, "ಹೂಂ" ಅಂದೇಬಿಟ್ಟಳು. ಊರಿನಲ್ಲಿ ಲೆಕ್ಕಕ್ಕೆ ಬರುವ ಹೂಂ ಅಂತ ಉಳಿದಿದ್ದು ಅದೊಂದೇ. ಹುಣಸೆ ಚಿಗುರಿನ ಹಾಗಿತ್ತು.

ತಾಯಿ ಮಗಳು ಬಾವಿಗೆ ಹೋದರು. ಹಿಂದೆ ಊರೆಲ್ಲ ಹೋಯಿತು. ನೋಡೋಣ ಅಂತಲ್ಲ, ಬೈಯೋಣ ಅಂತ.

ಸೋಸಪ್ಪ ಜರಡಿ ಹಿಡಿದ. ಮುದ್ದೀರಿಯ ಹೂಂ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಕಳಿಕೆ ಇಲ್ಲ. ನೆಗಡಿ ಇಲ್ಲ. ಎಲೆ ಅಡಿಕೆ ಇಲ್ಲ. ಮೂಸಿದ. ಕಚ್ಚಿ ನೋಡಿದ. ಎಲ್ಲಿಯೂ ತಪ್ಪು ಸಿಗಲಿಲ್ಲ. ಅವನ ಹಣೆಯಲ್ಲಿ ಬೆವರು ಬಂತು.

"ಇದು..." ಅಂದ. "ಇದು ಬಹಳ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ಹೂಂ ಈ ಊರಿನದ್ದಾಗಿರಲು ಸಾಧ್ಯವೇ ಇಲ್ಲ."

ಜರಡಿಯ ಮೇಲೆ ಹಾಕಿದ. ಬಿತ್ತು. ಬೀಳುವುದು ಬಹಳ ಹೊತ್ತು ಕೇಳಿಸಿತು.

ಆಗ ನೋಡಿ ಜವನಕ್ಕನಿಗೆ ಬಂತು. ಇಷ್ಟು ದಿನ ಬಂದದ್ದು ಸಿಟ್ಟೇ ಅಲ್ಲ, ಸಿಟ್ಟಿನ ನೆಂಟರು. ಈಗ ಸಿಟ್ಟೇ ಖುದ್ದಾಗಿ ಬಂತು. ಅವಳು ಸೋಸಪ್ಪನನ್ನು ಬೈಯಲಿಲ್ಲ. ರಾಜನನ್ನೂ ಬೈಯಲಿಲ್ಲ. ಬಾವಿಯೊಳಗೆ ಬಗ್ಗಿ ನೋಡಬೇಕು ಅಂದುಕೊಂಡಳು. ಬಗ್ಗಲು ಕುತ್ತಿಗೆ ಎಲ್ಲಿ? ನೆಲಕ್ಕೆ ಬೋರಲಾಗಿ ಬಿದ್ದಳು. ಹೊಟ್ಟೆಯ ಮೇಲೆ ಹಾವಿನ ಹಾಗೆ ತೆವಳಿ, ಜರಡಿಯನ್ನು ಪಕ್ಕಕ್ಕೆ ನೂಕಿ, ಸಂದಿಗೆ ಬಾಯಿಟ್ಟಳು.

ಕೆಳಗೆ ಊರಿನ ಹೂಂಗಳೆಲ್ಲ ಇದ್ದವು. ಪಿಸಪಿಸ ಅನ್ನುತ್ತಿದ್ದವು. ಪಾಪ, ಹೂಂ ಅಂದಾಗಿತ್ತು, ಆದರೆ ಯಾರೂ ಅವುಗಳನ್ನು ಏನೂ ಕೇಳಿರಲೇ ಇಲ್ಲ.

"ಅಪ್ಪಣೆ ಇಲ್ಲ!" ಅಂತ ಸೋಸಪ್ಪ ಕುಣಿದ. "ಅಪ್ಪಣೆಯಿಲ್ಲದ ಪ್ರಶ್ನೆ! ಯಾರೂ ಕಿವಿ ಕೊಡಬಾರದು!"

"ಸುಮ್ನಿರಯ್ಯ" ಅಂತು ಜರಡಿ ನೆಲದ ಮೇಲಿಂದ. "ಕೇಳಲಿ."

ಜವನಕ್ಕ ಎದೆ ತುಂಬ ಉಸಿರು ಎಳೆದು ಕೂಗಿದಳು.

"ಏನ್ರಪ್ಪಾ, ಇವನನ್ನ ಎಬ್ಬಿಸೋಣವಾ?"

ಮೊದಲು ಬಂದದ್ದು ಹುಣಸೆ ಚಿಗುರಿನಂಥ ಒಂದು ಹೂಂ. ಅದರ ಹಿಂದೆ ನೆಗಡಿಯ ಹೂಂ. ಅದರ ಹಿಂದೆ ಎಲೆ ಅಡಿಕೆ ಹೂಂ, ಆಕಳಿಕೆ ಹೂಂ, ಕೋಳಿಮರಿ ಹೂಂ, ಗಾಣದ ಕೇರಿಯ ಜಾರುವ ಹೂಂ. ಆಮೇಲೆ ಮೇಲಿನ ಕೇರಿ ಕೆಳಗಿನ ಕೇರಿ ಅಂತ ಇಲ್ಲ, ಎಲ್ಲ ಸೇರಿ, ಬಾವಿಯೇ ಗಂಟಲಾಗಿ,

"ಹೂಂಂಂಂಂಂಂಂಂ!"

ಸಿಂಹಾಸನ ಬಾಟಲಿ ಬಿರಡೆಯ ಹಾಗೆ ಹಾರಿತು. ರಾಜ ಸಿಂಹಾಸನದಲ್ಲಿ ಕೂತೇ ಇದ್ದ, ಕೂತೇ ಹೋದ. ತೆಂಗಿನ ಮರ ದಾಟಿದ, ಹದ್ದು ದಾಟಿದ, ಮೋಡದ ಮೇಲೆ ಹೋಗಿ ನಿಂತ. ಬಾವಿಯಿಂದ ನೀರು ಎದ್ದು, ಕಟ್ಟೆ ತುಂಬಿ, ಬೀದಿಗೆ ಬಂತು. ಜನರ ಹೂಂಗಳು ನೀರಲ್ಲಿ ತೇಲುತ್ತಾ ಬಂದು ಅವರವರ ಬಾಯಿ ಸೇರಿದವು. ಬಾಸಿಂಗದ ಗುಬ್ಬಿ ಹಾರಿಹೋಯಿತು. ಅಲ್ಲೇ ಒಂದು ಮದುವೆ ಆಯಿತು.

ಮೇಲಿನಿಂದ ರಾಜ ಕೂಗಿದ. "ಜವನಕ್ಕಾ! ಇಲ್ಲಿ ಬಿಸಿಲು! ಬಹಳ ಬಿಸಿಲು! ನಾನು ಇಳೀಬಹುದಾ?"

ಜವನಕ್ಕ ಅಂಗಾತ ಮಲಗಿದಳು. ಮೇಲೆ ನೋಡಬೇಕಾದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಮಲಗಿಕೊಂಡೇ ಅಂದಳು.

"ಬಹಳ ಸಂತೋಷ ರಾಯರೇ. ಯಾರು ಬೇಕಾದರೂ ಇಳೀಬಹುದು. ಮೊದಲು ಪ್ರತಿ ಮೋಡದಿಂದ ಒಂದೊಂದು ಹೂಂ ತನ್ನಿ. ಚೌಕದ ಕೊಡದಲ್ಲಿ."

ಸೋಸಪ್ಪ ರಾಜನಿಗೆ ಸಹಾಯ ಮಾಡಲು ಏಣಿ ಹುಡುಕುತ್ತಾ ಹೊರಟ. ಇವತ್ತಿಗೂ ಹುಡುಕುತ್ತಿದ್ದಾನೆ. ನೀವೆಲ್ಲಾದರೂ ಕಂಡರೆ ಏಣಿ ಕೊಡಬೇಡಿ.

ಮುದ್ದೀರಿ ಬಾವಿಯ ಕಟ್ಟೆ ಹತ್ತಿ ಕೊಡ ಮುಳುಗಿಸಿದಳು. ಮನೆ ಹತ್ತಿರವೇ, ಸೊಂಟದಲ್ಲಿಟ್ಟು ಹೋದರೆ ಸಾಕು. ನಡೆಯುತ್ತಾ ಬೇಲಿಯಾಚೆ ಕುತ್ತಿಗೆ ಚಾಚಿ, "ಸಾಕಕ್ಕನ ಮನೆಯಲ್ಲಿ ಹುರುಳಿ ಸಾರು" ಅಂದಳು. ಊರಿನ ಹೆಂಗಸರೆಲ್ಲ ನಕ್ಕರು. ನಕ್ಕು ಅವಳ ಕಡೆ ನೋಡಲು ಇಡೀ ಮೈ ತಿರುಗಿಸಿದರು. ಯಾಕೆಂದರೆ ನೀರು ಬಂತು, ಹೂಂ ಬಂತು, ಒಳಕ್ಕೆ ಹೋದ ಕುತ್ತಿಗೆ ಮಾತ್ರ ಬರಲಿಲ್ಲ. ಜವನಕ್ಕನದೂ ಬರಲಿಲ್ಲ. ಅದನ್ನು ವಾಪಸು ಕೊಡುವ ಕಾಯ್ದೆ ಯಾವ ಕಲ್ಲಿನ ಮೇಲೂ ಇಲ್ಲ.

ನೀತಿ ಬೇಕಾದವರಿಗೆ ನೀತಿ: ಕೂತವನನ್ನು ಎಬ್ಬಿಸಬೇಕಾದರೆ ಎಬ್ಬಿಸಲಾ ಅಂತ ಕೂತವನನ್ನೇ ಕೇಳಬೇಡಿ. ನೀತಿ ಬೇಡದವರಿಗೆ ನೀರು. ರಾಜ ಮೋಡದ ಮೇಲೆ ಒಣಗುತ್ತಿದ್ದಾನೆ, ಕತೆ ಬಾವಿಯ ಕಟ್ಟೆ ಮೇಲೆ ಒದ್ದೆಯಾಗಿದೆ, ಕಾಲು ಜಾರೀತು, ನೋಡಿಕೊಂಡು ಮನೆಗೆ ಹೋಗಿ.